ಪಾತ್ರದ ವೀಳ್ಯ

ಓಬಳಪ್ಪನ ಮನೆಯಲ್ಲಿ ಭಾನುವಾರದ ಕೋಳಿ ಸಾರಿಗೆ ಒಂದು ಮರ್ಯಾದೆ ಇತ್ತು. ವಾರವೆಲ್ಲ ಯಾರು ಯಾರ ಮೇಲೆ ಮುನಿಸಿಕೊಂಡಿರಲಿ, ಆ ಒಂದು ಹೊತ್ತು ಎಲ್ಲರೂ ಒಟ್ಟಿಗೆ ಕೂತು ತಕರಾರಿಲ್ಲದೆ ಮುದ್ದೆ ನುಂಗುತ್ತಿದ್ದರು. ಏಪ್ರಿಲ್ ತಿಂಗಳ ಮೊದಲ ಭಾನುವಾರ ಆ ಮರ್ಯಾದೆಯೂ ಹೋಯಿತು. ಓಬಳಪ್ಪನ ಮಗ ಚಂದ್ರಕುಮಾರ್ ಮೊದಲ ತುತ್ತು ಮುರಿಯುವ ಹೊತ್ತಿಗೆ ಮೊಮ್ಮಗಳು ಅಕ್ಷತಾ ಎರಡು ಕಾಗದ ತಂದು ಸಾರಿನ ಪಾತ್ರೆಯ ಪಕ್ಕದಲ್ಲಿಟ್ಟಳು.

“ಅಪ್ಪ, ಇವತ್ತು ಹೇಳ್ಬಿಡು. ಯಾವ್ದಕ್ಕೆ ಕಳಿಸ್ತೀಯ?”

“ಯಾವ್ದಕ್ಕೂ ಇಲ್ಲ. ಒಂಬತ್ತು ಮುಗೀತು, ಇನ್ನು ಹತ್ತನೇ ಕ್ಲಾಸು. ನಾಗೇಶ್ ಮೇಷ್ಟ್ರ ಹತ್ರ ಟ್ಯೂಷನ್‌ಗೆ ಹೇಳಿ ಬಂದಿದೀನಿ. ನಾಳೆಯಿಂದ ಬೆಳಿಗ್ಗೆ ಆರಕ್ಕೆ ಗಣಿತ.”

“ಎಂಬತ್ತೈದು ಪರ್ಸೆಂಟ್ ತೆಗೆದ್ರೆ ರಜೆಲಿ ಆ್ಯಕ್ಟಿಂಗ್ ಕಲಿಯಕ್ಕೆ ಕಳಿಸ್ತೀನಿ ಅಂದಿದ್ದೆ.”

“ಅಂದಿದ್ದೆ. ಎಷ್ಟು ಬಂತು?”

“ಎಂಬತ್ತೇಳು.”

ಚಂದ್ರಕುಮಾರ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಂಥ ಇಂಜಿನ್ನಿಗೂ ಸೋಲದ ಮನುಷ್ಯ ಎಂಬತ್ತೇಳಕ್ಕೆ ಸೋತು ತಟ್ಟೆ ನೋಡಿದ. ಅವನ ಹೆಂಡತಿ ಹೇಮಶ್ರೀ ಆಶಾ ಕಾರ್ಯಕರ್ತೆ. ಕಡೂರಿನ ನಾಲ್ಕು ಬೀದಿಗಳ ಬಾಣಂತಿಯರನ್ನೂ ಅವರ ಅತ್ತೆಯರನ್ನೂ ಸಂಭಾಳಿಸಿ ಅಭ್ಯಾಸವಿದ್ದವಳು. ಗಂಡನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

“ಕೊಟ್ಟ ಮಾತು ಕಣ್ರೀ. ಒಂದು ತಿಂಗ್ಳು ಹೋಗ್ಲಿ. ಬುದ್ಧ ಪೂರ್ಣಿಮೆ ಆದ್ಮೇಲೆ ಟ್ಯೂಷನ್ನು. ಅಷ್ಟರಲ್ಲಿ ನಾಗೇಶ್ ಮೇಷ್ಟ್ರು ಊರು ಬಿಟ್ಟು ಓಡಿಹೋಗಲ್ಲ.”

“ಹಂಗಾದ್ರೆ ಈ ಕಡೂರಿಂದೇ ಇರ್ಲಿ. ಸಾಯಂಕಾಲ ಮನೆಗೆ ಬತ್ತಾಳೆ.”

ಕಡೂರಿನದು ಬಣ್ಣದ ಕಾಗದ. ಕಪ್ಪು ಕನ್ನಡಕದ ಹುಡುಗನೊಬ್ಬ ಅದರ ಮೇಲೆ ಕೈಕಟ್ಟಿ ನಿಂತಿದ್ದ. ಕಲ್ಯಾಣ ಮಂಟಪವೊಂದರಲ್ಲಿ ಇಪ್ಪತ್ತು ದಿನದ ಕೋರ್ಸು, ಕೊನೆಗೆ ಒಂದು ಕಿರುಚಿತ್ರ, ಎಲ್ಲರಿಗೂ ಸರ್ಟಿಫಿಕೇಟು. ಸಾಮಾನ್ಯ ಸೀಟಿಗೆ ಒಂದು ಫೀಸು, ‘ಲೀಡ್ ರೋಲ್’ಗೆ ಅದರ ಎರಡರಷ್ಟು. ಇನ್ನೊಂದು ಬರೀ ಜೆರಾಕ್ಸು. ಲಕ್ಕವಳ್ಳಿ ಡ್ಯಾಮಿನ ಹತ್ತಿರ, ಮುಚ್ಚಿಹೋದ ಶಾಲೆಯೊಂದನ್ನು ಬಾಡಿಗೆಗೆ ಹಿಡಿದಿದ್ದ ನಾಟಕ ತಂಡದ್ದು. ಇಪ್ಪತ್ತನಾಲ್ಕು ದಿನ ಅಲ್ಲೇ ಇರಬೇಕು. ಫೀಸಿಲ್ಲ, ಆದರೆ ಇಪ್ಪತ್ತೇ ಮಕ್ಕಳು; ತರೀಕೆರೆಯಲ್ಲಿ ಆಯ್ಕೆ.

“ನನಗೆ ಲಕ್ಕವಳ್ಳಿದೇ ಬೇಕು,” ಅಂದಳು ಅಕ್ಷತಾ. “ನಮ್ಮ ಸ್ಕೂಲಿಗೆ ಬಂದು ನಾಟ್ಕ ಮಾಡಿದ್ರಲ್ಲ, ಅವ್ರೇ. ಒಂದು ಬೆಂಚು, ಒಂದು ಬಕೆಟ್ಟು, ಅಷ್ಟ್ರಲ್ಲೇ ಒಂದು ಊರು ತೋರಿಸ್ಬಿಟ್ರು.”

ಅಲ್ಲಿಯವರೆಗೆ ಮೂಳೆ ಚೀಪುತ್ತಿದ್ದ ಓಬಳಪ್ಪ ತಲೆಯೆತ್ತಿದ. “ಕಾಸು ಇಸ್ಕಳಲ್ವಾ? ಕಾಸು ಇಸ್ಕಳ್ದೆ ಪಾತ್ರ ಹೆಂಗವ್ವ ಹಂಚ್ತಾರೆ?”

“ಯಾರು ಚೆನ್ನಾಗಿ ಮಾಡ್ತಾರೋ ಅವ್ರಿಗೆ ತಾತ.”

“ಅದು ಹೇಳಕ್ಕೆ ಚಂದ,” ಅಂದ ಓಬಳಪ್ಪ. “ನಾನು ಸೇನಾಪತಿ ಪಾತ್ರ ಮಾಡಿದೋನು. ನನಗೆ ಹೇಳ್ಕೊಡ್ಬ್ಯಾಡ.”

ಈ ಸೇನಾಪತಿಯ ವಿಷಯವನ್ನು ಮೊದಲೇ ಹೇಳಿಬಿಡುವುದು ವಾಸಿ. ಓಬಳಪ್ಪ ಹುಟ್ಟಿದ್ದು ಅಜ್ಜಂಪುರದ ಹತ್ತಿರದ ಒಂದು ಹಳ್ಳಿಯಲ್ಲಿ. ಆ ಕಡೆ ಊರ ನಾಟಕವೆಂದರೆ ಪಾತ್ರಕ್ಕೆ ಬೆಲೆ ಇರುತ್ತದೆ. ಹಾರ್ಮೋನಿಯಂ ಮೇಷ್ಟ್ರ ಮುಂದೆ ತಟ್ಟೆ ಇಟ್ಟು, ವೀಳ್ಯದೆಲೆ ಅಡಿಕೆಯ ಮೇಲೆ ದುಡ್ಡಿಟ್ಟವನಿಗೆ ಪಾತ್ರ. ರಾಜನಿಗೆ ಹೆಚ್ಚು, ದ್ವಾರಪಾಲಕನಿಗೆ ಕಡಿಮೆ. ಸೀನರಿ, ಲೈಟು, ಮೇಷ್ಟ್ರ ಸಂಬಳ ಎಲ್ಲ ಅದರಲ್ಲೇ ಆಗಬೇಕು. ಇದನ್ನು ಯಾರೂ ತಪ್ಪೆಂದುಕೊಂಡವರಲ್ಲ.

ಇಪ್ಪತ್ತೆರಡು ವರ್ಷದ ಓಬಳಪ್ಪ ಎರಡು ಸುಗ್ಗಿಯ ಕೂಲಿಯನ್ನು ತಟ್ಟೆಗೆ ಇಟ್ಟು ಸೇನಾಪತಿಯಾದ. ಮೂರು ವಾರ ಮಾತು ಬಾಯಿಪಾಠ ಮಾಡಿದ. ನಾಟಕದ ಕೊನೆಯಲ್ಲಿ ಸೇನಾಪತಿ ದುಷ್ಟ ಪಾಳೇಗಾರನನ್ನು ಕೆಡವಿ ಅವನ ಎದೆಯ ಮೇಲೆ ಕಾಲಿಡಬೇಕು. ಪಾಳೇಗಾರನ ಪಾತ್ರ ತೆಗೆದುಕೊಂಡಿದ್ದವನು ಊರ ಪಟೇಲನ ಮಗ. ಪಟೇಲ ಒಂದು ಸಂಜೆ ಅಭ್ಯಾಸ ನೋಡಲು ಬಂದ. ಕೊನೆಯ ದೃಶ್ಯ ನೋಡಿ, “ಓಬಳ, ಕೇರಿಯೋನ ಕಾಲು ನನ್ನ ಮಗನ ಎದೆ ಮ್ಯಾಲಾ?” ಎಂದು ಒಂದೇ ಮಾತು ಕೇಳಿ ಎದ್ದು ಹೋದ. ಮರುದಿನ ಸೇನಾಪತಿ ಬೇರೆ ಯಾರೋ ಆದರು. ಓಬಳಪ್ಪನ ದುಡ್ಡು ಆಗಲೇ ಸೀನರಿಗೆ ಹೋಗಿತ್ತು; ವಾಪಸು ಕೊಡುವ ಹಾಗಿರಲಿಲ್ಲ. “ಪರದೆ ಹಗ್ಗ ಹಿಡ್ಕೊ,” ಅಂದರು. ಹನ್ನೊಂದು ವರ್ಷ ಹಿಡಿದ. ವೇದಿಕೆಯ ಮೇಲಿನ ಸೇನಾಪತಿ ಮಾತು ಮರೆತಾಗಲೆಲ್ಲ ಪರದೆಯ ಮರೆಯಿಂದ ಮಾತು ಎತ್ತಿಕೊಟ್ಟವನೂ ಅವನೇ.

ಆಮೇಲೆ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಕೆಲಸ ಸಿಕ್ಕಿತು, ಸಂಸಾರ ಕಡೂರಿಗೆ ಬಂತು. ನಿಜ ಗೊತ್ತಿದ್ದವರೆಲ್ಲ ಊರಲ್ಲೇ ಉಳಿದರು. ಸೇನಾಪತಿಯಾಗಿದ್ದೆ ಎಂದು ಮೊದಲು ಮಗನಿಗೆ ಹೇಳಿದ, ಆಮೇಲೆ ಮೊಮ್ಮಗಳಿಗೆ. ಅಕ್ಷತಾ ನಾಲ್ಕು ವರ್ಷದವಳಿದ್ದಾಗಲೇ ತಾತನ ಹೆಗಲ ಮೇಲೆ ಕೂತು, “ಎಲವೋ ಪಾಳೇಗಾರ, ನಿನ್ನ ಕೋಟೆಗೆ ಬೀಗ ಹಾಕಿದವನು ನೀನೇ, ಬೀಗದ ಕೈ ಮಾತ್ರ ನನ್ನ ಸೊಂಟದಲ್ಲಿದೆ!” ಎಂದು ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದಳು. ಅವಳಿಗೆ ನಾಟಕದ ಹುಚ್ಚು ಹಿಡಿದದ್ದೇ ಹಾಗೆ. ಮೊಮ್ಮಗಳು ಎಲ್ಲಾದರೂ ಹೋಗಲಿ, ಹಗ್ಗ ಹಿಡಿಯುವ ಜಾಗಕ್ಕೆ ಮಾತ್ರ ಹೋಗಬಾರದು ಎಂಬುದು ಓಬಳಪ್ಪನ ಒಂದೇ ಹಟ.

ತರೀಕೆರೆಯ ಆಯ್ಕೆಗೆ ಅಕ್ಷತಾಳ ಜೊತೆ ಹೇಮಶ್ರೀ ಹೊರಟಳು. ಓಬಳಪ್ಪನೂ ಬಿಳಿ ಅಂಗಿ ಹಾಕಿಕೊಂಡು ಬಸ್ಸು ಹತ್ತಿದ. ಒಬ್ಬೊಬ್ಬರಿಗೆ ಮೂರು ನಿಮಿಷ. ಅಕ್ಷತಾ ಯಾವ ರಾಣಿಯನ್ನೂ ಮಾಡಲಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಒತ್ತುವ ತನ್ನ ಅಜ್ಜಿ, ಓಬಳಪ್ಪನ ಹೆಂಡತಿ ಈಶ್ವರಮ್ಮನನ್ನು ಮಾಡಿದಳು. ಸವೆದ ಹೆಬ್ಬೆರಳನ್ನು ಯಂತ್ರದ ಮೇಲೆ ಒತ್ತುವುದು, ಆಗದೆ ಸೀರೆಗೆ ಉಜ್ಜುವುದು, ಎಂಜಲು ಹಚ್ಚುವುದು, ಹಿಂದಿನವರಿಗೆ “ತಡ್ಕಳವ್ವ” ಅನ್ನುವುದು, ಕೊನೆಗೆ ಖಾಲಿ ಚೀಲ ಮಡಚಿಕೊಂಡು ಹೊರಡುವುದು. ಮೊದಲು ಎಲ್ಲರೂ ನಕ್ಕರು. ಚೀಲ ಮಡಚುವಾಗ ಯಾರೂ ನಗಲಿಲ್ಲ.

ತಂಡದ ಮುಖ್ಯಸ್ಥೆ ವಿದ್ಯಾಶ್ರೀ ಮೇಡಂ ಕೊನೆಗೆ ಮನೆಯವರನ್ನೆಲ್ಲ ಕೂರಿಸಿ ಮಾತಾಡಿದರು. “ಪಾತ್ರದ ಬಗ್ಗೆ ಈಗಲೇ ಏನೂ ಹೇಳಲ್ಲ. ಕೆಲವರು ಅಭಿನಯ ಮಾಡ್ತಾರೆ, ಕೆಲವರು ದೀಪ, ಬಟ್ಟೆ, ಪರದೆ ನೋಡ್ಕೋತಾರೆ. ಮೂರನೇ ವಾರ ಹಂಚ್ತೀವಿ. ಇನ್ನೊಂದು ಮಾತು. ಯಾರೂ ಶಿಫಾರಸು ತರಬೇಡಿ. ತಂದ್ರೆ ಆ ಹೆಸರು ಬಿಟ್ಟುಬಿಡ್ತೀವಿ, ಯಾರೇ ಆಗಿರಲಿ.”

ಶಿಫಾರಸಿನ ಮಾತು ಓಬಳಪ್ಪನ ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ. ಶಿಫಾರಸೆಂದರೆ ಶಾಸಕರ ಕಾಗದ, ಸಾಹೇಬರ ಫೋನು. ತನಗೆ ಅಂಥವರು ಯಾರಿದ್ದಾರೆ? ಅವನು ಕೇಳಿಸಿಕೊಂಡದ್ದು ಪರದೆ ಎಂಬ ಮಾತನ್ನು.

ಮೂರನೇ ದಿನ ಹೇಮಶ್ರೀಯ ಮೊಬೈಲಿಗೆ ಮೆಸೇಜು ಬಂತು. ಅಕ್ಷತಾ ಆಯ್ಕೆಯಾಗಿದ್ದಳು. ಹುಡುಗಿ ಅಡುಗೆಮನೆಯಿಂದ ಬಚ್ಚಲಿಗೆ, ಬಚ್ಚಲಿಂದ ಅಂಗಳಕ್ಕೆ ಓಡಾಡಿ ಅಜ್ಜಿಯನ್ನು ಎತ್ತಿ ತಿರುಗಿಸಲು ಹೋಗಿ ಬೈಸಿಕೊಂಡಳು. ಚಂದ್ರಕುಮಾರ್ ಕೂಡ, “ಹಾಸಿಗೆ ಗೀಸಿಗೆ ಏನ್ ತಗೊಂಡೋಗ್ಬೇಕಂತೆ?” ಎಂದು ಕೇಳಿದ. ಅದು ಅವನ ಒಪ್ಪಿಗೆ. ಓಬಳಪ್ಪನ ಕಣ್ಣಿಗೆ ಪೊರೆಯ ಆಪರೇಷನ್ ಆಗಿ ತಿಂಗಳಾಗಿರಲಿಲ್ಲ. ದಿನಾ ಸಂಜೆ ಔಷಧಿ ಬಿಡುವುದು ಅಕ್ಷತಾಳ ಕೆಲಸ. ಅವತ್ತು, “ಸೇನಾಪತಿ, ತಲೆ ಎತ್ತು!” ಎಂದು ಗದರಿಸಿ ಒಂದು ಹನಿ ಹೆಚ್ಚಿಗೇ ಬಿಟ್ಟಳು.

ಮಾರನೆಯ ದಿನ ಓಬಳಪ್ಪ ಪಿಂಚಣಿಯ ಹಣ ತೆಗೆದು ಕವರಿಗೆ ಹಾಕಿ, ವೀಳ್ಯದೆಲೆ, ಅಡಿಕೆ, ಎರಡು ಬಾಳೆಹಣ್ಣು ಚೀಲದಲ್ಲಿಟ್ಟುಕೊಂಡು, “ತರೀಕೆರೆಲಿ ನಮ್ಮ ಗ್ಯಾಂಗಿನೋನು ಒಬ್ಬ ಹುಷಾರಿಲ್ದೆ ಮಲಗವ್ನೆ, ನೋಡ್ಬತ್ತೀನಿ,” ಎಂದು ಹೇಳಿ ಹೊರಟ. ತರೀಕೆರೆಯಲ್ಲಿ ಬಸ್ಸು ಬದಲಾಯಿಸಿ ಲಕ್ಕವಳ್ಳಿಯಲ್ಲಿ ಇಳಿದ. ಹಳೆಯ ಶಾಲೆಯ ಜಗಲಿಯಲ್ಲಿ ರುದ್ರಮೂರ್ತಿ ಎಂಬ ನಡುವಯಸ್ಸಿನವನೊಬ್ಬ ಕುರ್ಚಿಯ ಕಾಲು ಜೋಡಿಸುತ್ತಿದ್ದ. ಮೇಡಂ ಇರಲಿಲ್ಲ.

ಓಬಳಪ್ಪ ಚೀಲದಿಂದ ತಟ್ಟೆ ತೆಗೆದು, ಎಲೆಯಡಿಕೆ ಜೋಡಿಸಿ, ಮೇಲೆ ಕವರಿಟ್ಟು ಎರಡೂ ಕೈಯಲ್ಲಿ ಹಿಡಿದ.

“ಇದೇನು ಅಜ್ಜಾ?”

“ಪಾತ್ರದ ವೀಳ್ಯ ಕಣಪ್ಪ. ಕಡೂರು ಅಕ್ಷತಾ. ಮುಂದ್ಗಡೆ ಪಾತ್ರ ಕೊಡಿ. ಹಗ್ಗದ ಕೆಲ್ಸ ಮಾತ್ರ ಬ್ಯಾಡ.”

“ಅಯ್ಯೋ, ಇಲ್ಲಿ ಅದೆಲ್ಲ ಇಲ್ಲ. ಮೇಡಂ ಬರ್ಲಿ, ಕೂತ್ಕಳಿ.”

ಕೊಡುವಾಗ ಬೇಡ ಎನ್ನುವುದು, ಆಮೇಲೆ ತೆಗೆದುಕೊಳ್ಳುವುದು ಲೋಕರೂಢಿ. ಹಾರ್ಮೋನಿಯಂ ಮೇಷ್ಟ್ರೂ ಹಾಗೇ ಅನ್ನುತ್ತಿದ್ದರು. ಓಬಳಪ್ಪ ತಟ್ಟೆಯನ್ನು ಕುರ್ಚಿಯ ಮೇಲಿಟ್ಟು, ಕೈಮುಗಿದು, ಹೊರಟಿದ್ದ ಬಸ್ಸು ಹಿಡಿದ. ದಾರಿಯಲ್ಲಿ ಮನೆಗೆ ಮಾವಿನಹಣ್ಣು ಕೊಂಡ. ಐವತ್ತು ವರ್ಷದಲ್ಲಿ ಅಂಥ ಹಗುರಾದ ದಿನ ಅವನಿಗೆ ಸಿಕ್ಕಿರಲಿಲ್ಲ.

ಆ ಹಗುರ ಒಂದೂವರೆ ದಿನ ಬಾಳಿತು. ಮರುದಿನ ಸಂಜೆ ಹೇಮಶ್ರೀ ರೊಟ್ಟಿ ತಟ್ಟುತ್ತಿದ್ದಳು. ಫೋನು ಬಂತು. ಕೈ ಹಿಟ್ಟಾಗಿದ್ದರಿಂದ ಸ್ಪೀಕರಿಗೆ ಹಾಕಿದಳು. ವಿದ್ಯಾಶ್ರೀ ಮೇಡಂ ಸಿಟ್ಟಾಗಲಿಲ್ಲ; ಅದೇ ಕೆಟ್ಟದ್ದೆನಿಸಿತು. “ನಿಮ್ಮ ಮನೆಯ ಹಿರಿಯರು ಬಂದು ಪಾತ್ರಕ್ಕೆ ಅಂತ ದುಡ್ಡಿಟ್ಟು ಹೋಗಿದ್ದಾರೆ. ನಾನು ಎಲ್ಲರ ಮುಂದೆ ಹೇಳಿದ್ದೆ. ಅಕ್ಷತಾ ಹೆಸರು ತೆಗೆಯಬೇಕಾಯ್ತು. ಚೆನ್ನಾಗಿ ಮಾಡೋ ಹುಡುಗಿ. ನನಗೂ ಬೇಜಾರಿದೆ.”

ಹೆಂಚಿನ ಮೇಲಿನ ರೊಟ್ಟಿ ಕರಿಕಾಗುವವರೆಗೆ ಯಾರೂ ಅದನ್ನು ತಿರುವಲಿಲ್ಲ.

“ಮಾವ,” ಅಂದಳು ಹೇಮಶ್ರೀ. “ನೀವು ಲಕ್ಕವಳ್ಳಿಗೆ ಹೋಗಿದ್ರಾ?”

“ಹೋಗಿದ್ದೆ. ಪಾತ್ರದ ವೀಳ್ಯ ಕೊಟ್ಬಂದೆ. ಅದ್ರಲ್ಲಿ ತಪ್ಪೇನೈತೆ?”

“ತಪ್ಪೇನೈತಾ?” ಚಂದ್ರಕುಮಾರ್ ತಟ್ಟೆ ತಳ್ಳಿ ಎದ್ದ. “ಲಂಚ ಕೊಟ್ಬಂದು ತಪ್ಪೇನೈತೆ ಅಂತೀಯಲ್ಲಪ್ಪ! ಇಪ್ಪತ್ತೈದು ವರ್ಷ ಸರ್ಕಾರಿ ಕೆಲ್ಸ ಮಾಡಿದೋನು ನೀನು.”

“ಅದು ಲಂಚ ಅಲ್ಲ ಕಣೋ! ಪಾತ್ರಕ್ಕೆ ಬೆಲೆ ಕೊಡೋದು ಪದ್ಧತಿ.”

“ನಿಮ್ಮೂರ ಪದ್ಧತಿ! ಅವ್ರಿಗೆ ನಾವು ಏನಾಗಿ ಕಂಡ್ವಿ ಗೊತ್ತಾ? ದುಡ್ಡು ಕೊಟ್ಟು ಮುಂದೆ ನುಗ್ಗೋರು.”

ಅಕ್ಷತಾ ಅಳಲಿಲ್ಲ. ತಾತನ ಮುಂದೆ ಬಂದು ನಿಂತು, “ನಾನು ಚೆನ್ನಾಗಿ ಮಾಡಲ್ಲ ಅಂದ್ಕೊಂಡ್ಯಾ?” ಎಂದು ಮಾತ್ರ ಕೇಳಿದಳು. ಉತ್ತರ ಹೇಳಬೇಕಾದರೆ ಓಬಳಪ್ಪ ಹಗ್ಗದ ಕಥೆ ಹೇಳಬೇಕಿತ್ತು. ಎದ್ದು ಅಂಗಳಕ್ಕೆ ಹೋದ.

ಅಂದಿನಿಂದ ಮಾತು ನಿಂತಿತು. ಸಂಜೆ ಔಷಧಿ ತಪ್ಪಲಿಲ್ಲ. ಅಕ್ಷತಾ ಬಂದು, ಕಣ್ಣಿಗೆ ಎರಡೇ ಹನಿ ಬಿಟ್ಟು, ಮುಚ್ಚಳ ಹಾಕಿ ಹೋಗುತ್ತಿದ್ದಳು. ತಲೆ ಎತ್ತು ಅಂತಲೂ ಹೇಳುತ್ತಿರಲಿಲ್ಲ. ಓಬಳಪ್ಪ ತಾನೇ ಎತ್ತಿಕೊಂಡು ಕಾಯುತ್ತಿದ್ದ. ಊಟಕ್ಕೆ ಕೂತರೆ ಅರ್ಧ ಮುದ್ದೆಗೇ ಕೈ ತೊಳೆದುಬಿಡುತ್ತಿದ್ದ. “ಮುನಿಸ್ಕೊಂಡು ಹಸ್ಕೊಂಡ್ರೆ ಮುದ್ದೆಗೇನು ನಷ್ಟ, ಉಣ್ಣಿ,” ಎಂದು ಈಶ್ವರಮ್ಮ ಬೈದರೂ ಕೇಳಲಿಲ್ಲ. ಚಂದ್ರಕುಮಾರ್ ಮಾತ್ರ ಸುಮ್ಮನೆ ಕೂರಲಿಲ್ಲ. ಕಲ್ಯಾಣ ಮಂಟಪದ ಕೋರ್ಸಿನ ಫಾರಂ ತಂದು ಫ್ರಿಡ್ಜಿನ ಮೇಲಿಟ್ಟ. ‘ಲೀಡ್ ರೋಲ್’ ಎಂಬ ಚೌಕಕ್ಕೆ ಅವನೇ ಗುರುತು ಹಾಕಿದ್ದ.

“ಹೀರೋಯಿನ್ ಪಾತ್ರ. ಬರವಣಿಗೆಲಿ ಕೊಡ್ತಾರೆ. ಶುಕ್ರವಾರ ಕೊನೇ ದಿನ,” ಅಂದ. “ಓವರ್‌ಟೈಂ ಮಾಡಿ ಕಟ್ತೀನಿ. ಇನ್ನು ಈ ಮನೇಲಿ ಮುಖ ಗಂಟು ಹಾಕ್ಕೊಂಡು ಯಾರೂ ಓಡಾಡ್ಬಾರ್ದು.”

ಬುಧವಾರ ರುದ್ರಮೂರ್ತಿ ಬೈಕಿನಲ್ಲಿ ಬಂದ. ಕವರು, ತಟ್ಟೆ, ಬಾಡಿದ ವೀಳ್ಯದೆಲೆ ಎಲ್ಲವನ್ನೂ ತಂದಿದ್ದ. ಬಾಳೆಹಣ್ಣು ಕೆಟ್ಟುಹೋಯಿತೆಂದು ಕ್ಷಮೆ ಕೇಳಿದ. ಹೇಮಶ್ರೀ ಬೀದಿಗಳ ಸುತ್ತಿಗೆ ಹೋಗಿದ್ದಳು. ಈಶ್ವರಮ್ಮ ಟೀ ಕೊಟ್ಟಳು. ಓಬಳಪ್ಪ ಕುರ್ಚಿಯ ತುದಿಯಲ್ಲಿ ಕೂತು ಕೈಮುಗಿದ.

“ತಪ್ಪು ನಂದು ಕಣಪ್ಪ. ಮಗೂಗೆ ಗೊತ್ತೇ ಇಲ್ಲ. ನನ್ನ ತಪ್ಪಿಗೆ ಅವಳ ಜಾಗ ಕಿತ್ಕೋಬ್ಯಾಡಿ.”

“ನನಗೆ ಅರ್ಥ ಆಗ್ತದೆ ಅಜ್ಜಾ. ನಮ್ಮಪ್ಪ ಊರ ನಾಟ್ಕಕ್ಕೆ ಹಾರ್ಮೋನಿಯಂ ಮೇಷ್ಟ್ರು. ಮೇಡಂಗೂ ಹೇಳಿದೆ. ಆದ್ರೆ ಹೋದ ವರ್ಷ ದೊಡ್ಡೋರ ಮಗನ್ನ ಇದೇ ಮಾತಿಗೆ ಬಿಟ್ಟಿದೀವಿ. ಅವ್ರು ಕಾಗದ ತಂದಿದ್ರು, ನೀವು ಕವರು ತಂದ್ರಿ. ಈಗ ನಿಮಗೊಂದು ನ್ಯಾಯ, ಅವ್ರಿಗೊಂದು ನ್ಯಾಯ ಅಂದ್ರೆ?” ಟೀ ಲೋಟ ಕೆಳಗಿಟ್ಟ. “ಜಾಗ ಕೊಟ್ಟಾಯ್ತು ಬೇರೆ. ಹಿರೇನಲ್ಲೂರಿನ ಪ್ರಿಯಾಂಕಾ ಅಂತ. ಕಾಯೋ ಪಟ್ಟೀಲಿ ಮೊದ್ಲಿದ್ಲು. ಅವಳ ಹೆಸರು ಈಗ ತೆಗೆಯೋಕಾಗ್ತದಾ?”

ಅಡುಗೆಮನೆಯ ಬಾಗಿಲಲ್ಲಿ ಅಕ್ಷತಾ ನಿಂತಿದ್ದಳು. “ತೆಗೀಬೇಡಿ,” ಅಂದಳು. ಅವನು ಬೈಕು ಹತ್ತುವ ಮೊದಲು ಗೇಟಿನ ತನಕ ಹೋಗಿ ಏನೋ ಕೇಳಿದಳು. ಅವನು ತಲೆ ಕೆರೆದುಕೊಂಡು, ಮೇಡಂನ ಕೇಳಿ ಹೇಳ್ತೀನಿ ಅಂದದ್ದಷ್ಟೇ ಓಬಳಪ್ಪನ ಕಿವಿಗೆ ಬಿತ್ತು.

ಶುಕ್ರವಾರ ಬೆಳಿಗ್ಗೆ ತಿಂಡಿಗೆ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಚಂದ್ರಕುಮಾರ್ ಡ್ಯೂಟಿಯ ಖಾಕಿ ಹಾಕಿಕೊಂಡು ಫಾರಂ ಮುಂದಿಟ್ಟು ಪೆನ್ನು ತೆಗೆದ. “ಸೈನ್ ಹಾಕು.”

“ನಾನು ಲಕ್ಕವಳ್ಳಿಗೆ ಹೋಗ್ತೀನಿ ಅಪ್ಪ,” ಅಂದಳು ಅಕ್ಷತಾ. “ಮೇಡಂ ಒಪ್ಪಿದ್ರು. ಶಿಬಿರದ ಪಟ್ಟೀಲಿ ಅಲ್ಲ. ಕೆಲಸಕ್ಕೆ. ಕಸ ಗುಡಿಸೋದು, ಸಾಮಾನು ಜೋಡಿಸೋದು, ನಾಟ್ಕದ ದಿನ ಪರದೆ ಎಳೆಯೋದು. ಈ ವರ್ಷ ಪಾತ್ರ ಇಲ್ಲ. ಪಾಠ ಮಾಡುವಾಗ ಮೂಲೇಲಿ ಕೂತು ನೋಡ್ಬಹುದು. ಮುಂದಿನ ವರ್ಷ ಎಲ್ಲರ ಜೊತೆ ಮತ್ತೆ ಆಯ್ಕೆಗೆ ಬಾ ಅಂದ್ರು.”

“ತಲೆ ನೆಟ್ಟಗಿದ್ಯಾ? ಇಲ್ಲಿ ಹೀರೋಯಿನ್ನು, ಅಲ್ಲಿ ಕಸ ಗುಡಿಸೋದು!”

ಅವನ ಮಾತು ಮುಗಿಯುವ ಮೊದಲೇ ಓಬಳಪ್ಪ ಎದ್ದು ನಿಂತಿದ್ದ. ರೊಟ್ಟಿಯ ತಟ್ಟೆ ಕಾಲಿಗೆ ತಗುಲಿ ಉರುಳಿತು.

“ಹಗ್ಗ ಮಾತ್ರ ಹಿಡೀಬ್ಯಾಡ ಕಣವ್ವ! ಎಲ್ಲಾರ ಹೋಗು, ಬ್ಯಾಡ ಅನ್ನಲ್ಲ. ನಾಟ್ಕಾನೇ ಬ್ಯಾಡ ಅಂದ್ರೂ ಸರಿ. ಹಗ್ಗ ಬ್ಯಾಡ!”

“ಯಾಕೆ ತಾತ? ನೀನು ಸೇನಾಪತಿ. ನಿನಗೇನು ಗೊತ್ತು ಹಗ್ಗದ್ದು?”

ವಾರದಲ್ಲಿ ಅವಳು ತಾತನ ಜೊತೆ ಆಡಿದ ಮೊದಲ ಮಾತು ಅದು. ಓಬಳಪ್ಪ ಗೋಡೆಗೆ ಕೈಕೊಟ್ಟು ನಿಂತ. ಇನ್ನು ಹೇಳದೆ ವಿಧಿ ಇರಲಿಲ್ಲ.

“ನಾನು ಯಾವ ಸೇನಾಪತೀನೂ ಅಲ್ಲ ಮಗ. ಒಂದು ದಿನಾನೂ ಬಣ್ಣ ಹಚ್ಲಿಲ್ಲ. ಹನ್ನೊಂದು ವರ್ಷ ಹಗ್ಗ ಹಿಡ್ದೆ.” ಪಟೇಲ, ಅವನ ಮಗ, ಎದೆ, ಕಾಲು ಎಲ್ಲವನ್ನೂ ನಾಲ್ಕೇ ಮಾತಿನಲ್ಲಿ ಹೇಳಿದ. ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದು ಇಷ್ಟು ಬೇಗ ಮುಗಿಯಿತಲ್ಲ ಎಂದು ಅವನಿಗೇ ನಾಚಿಕೆಯಾಯಿತು. “ನಿನಗೂ ಹಂಗಾಗ್ಬಾರ್ದು ಅಂತ ವೀಳ್ಯ ಕೊಟ್ಟೆ. ನೀನು ಚೆನ್ನಾಗಿ ಮಾಡಲ್ಲ ಅಂತಲ್ಲ. ಚೆನ್ನಾಗಿ ಮಾಡೋದು ಸಾಕಾಗಲ್ಲ ಅಂತ.”

ಮೊದಲು ಮಾತಾಡಿದ್ದು ಈಶ್ವರಮ್ಮ. ಕೆಳಗೆ ಬಿದ್ದ ರೊಟ್ಟಿ ಎತ್ತಿ ತಟ್ಟೆಗೆ ಹಾಕುತ್ತ, “ಕೂತ್ಕಳಿ, ನನಗೆ ಗೊತ್ತಿತ್ತು,” ಅಂದಳು.

“ಏನು ಗೊತ್ತಿತ್ತು?”

“ಮದುವೆಯಾದ ವರ್ಷ ನಾನೂ ನಾಟ್ಕ ನೋಡಕ್ಕೆ ಬಂದಿರ್ಲಿಲ್ವಾ? ಪರದೆ ಕೆಳಗೆ ನಿಮ್ಮ ಕಾಲು ಕಾಣ್ತಿತ್ತು. ಆ ಒಡೆದ ಹೆಬ್ಬೆರಳ ಉಗುರು ನನಗೆ ಗುರ್ತು ಸಿಗಲ್ವಾ?”

“ಮತ್ಯಾಕೆ ಇಷ್ಟು ವರ್ಷ ಬಾಯಿ ಬಿಡ್ಲಿಲ್ಲ?”

“ಹೇಳ್ಕಂಡು ಖುಷಿಯಾಗಿದ್ರಿ. ಮನೇಲಿ ಒಬ್ಬ ಸೇನಾಪತಿ ಇದ್ರೆ ನನಗೇನು ಖರ್ಚು?”

ಹೇಮಶ್ರೀಗೆ ನಗುವೂ ಬಂತು, ಕಣ್ಣೂ ತುಂಬಿತು. ಚಂದ್ರಕುಮಾರ್ ನಗಲಿಲ್ಲ. ಮಗಳ ಕಡೆ ತಿರುಗಿದ.

“ಕೇಳಿಸ್ತಾ? ನಿಮ್ಮ ತಾತನ್ನ ಹಿಂದೆ ನಿಲ್ಸಿದ್ರು. ನಾವು ಹಿಂದೆ ನಿಂತಿದ್ದು ಸಾಲದಾ? ದುಡ್ಕೊಂಡಿದೀನಿ, ಮುಂದೆ ನಿಲ್ಲಿಸ್ತೀನಿ ಅಂದ್ರೆ ನೀನು ಮತ್ತೆ ಅದೇ ಹಗ್ಗಕ್ಕೆ ಹೋಗ್ತೀನಿ ಅಂತೀಯ!”

“ತಾತಂಗೆ ಹಗ್ಗ ಕೊಟ್ರು ಅಪ್ಪ. ನಾನು ಕೇಳಿ ಇಸ್ಕೊಂಡಿದೀನಿ. ಎರಡೂ ಒಂದೇ ಅಲ್ಲ.” ಅಕ್ಷತಾ ಫಾರಂ ಎತ್ತಿ ತೋರಿಸಿದಳು. “ಈ ಫಾರಂನಲ್ಲಿ ಜಾಸ್ತಿ ಕೊಟ್ಟೋರಿಗೆ ದೊಡ್ಡ ಪಾತ್ರ ಅಂತ ಬರೆದಿದೆ. ಆ ಪಟೇಲನ ಮಗನೂ ಹಂಗೇ ತಾನೇ ಪಾಳೇಗಾರ ಆಗಿದ್ದು? ಅಲ್ಲಿ ನಾನು ಚೆನ್ನಾಗಿ ಮಾಡಿದ್ನೋ ಇಲ್ವೋ ಅಂತ ನನಗೆ ಯಾವತ್ತಾದ್ರೂ ಗೊತ್ತಾಗ್ತದಾ?”

ಚಂದ್ರಕುಮಾರ್ ಫಾರಂ ಅಲ್ಲೇ ಬಿಟ್ಟು, ರೊಟ್ಟಿ ಮುಟ್ಟದೆ, ಡಿಪೋಗೆ ಹೊರಟುಹೋದ. ಅವತ್ತು ಸಂಜೆ ಬಂದವನು ಮಾತಾಡಲಿಲ್ಲ. ಶನಿವಾರವೂ ಆಡಲಿಲ್ಲ. ಫಾರಂ ಫ್ರಿಡ್ಜಿನ ಮೇಲೆ ಹಾಗೇ ಇತ್ತು, ಶುಕ್ರವಾರ ಕಳೆದಿತ್ತು.

ಭಾನುವಾರ ಹೊರಡುವ ದಿನ. ಒಂಬತ್ತೂವರೆಗೆ ತರೀಕೆರೆ ಬಸ್ಸು. ಹೇಮಶ್ರೀ ಬ್ಯಾಗಿಗೆ ಚಟ್ನಿಪುಡಿ ತುರುಕುತ್ತಿದ್ದಳು. ಓಬಳಪ್ಪ ಬೆಳಿಗ್ಗೆಯೇ ಎದ್ದು ಅಂಗಳದ ಬಟ್ಟೆ ಒಣಹಾಕುವ ತಂತಿಯಿಂದ ಬಟ್ಟೆಯೆಲ್ಲ ತೆಗೆದಿದ್ದ. ಈಶ್ವರಮ್ಮನ ಹಳೆಯ ಪ್ಲಾಸ್ಟಿಕ್ ಬಳೆಗಳನ್ನು ತಂತಿಗೆ ಪೋಣಿಸಿ, ಪಿನ್ನು ಹಾಕಿ ಹಾಸಿಗೆಯ ಹೊದಿಕೆ ಇಳಿಬಿಟ್ಟು, ತುದಿಗೆ ಹಗ್ಗ ಕಟ್ಟಿದ.

“ಬಾ ಇಲ್ಲಿ,” ಅಂದ. “ಹೋಗೋದೇ ಆದ್ರೆ ಕಲ್ತ್ಕೊಂಡು ಹೋಗು. ಹಗ್ಗಾನ ಕೈಯಲ್ಲಿ ಎಳೀಬಾರ್ದು, ಮೈಯಲ್ಲಿ ಎಳೀಬೇಕು. ಅಳೋ ಕಡೆ ನಿಧಾನ. ಜನ ಕಣ್ಣೊರೆಸ್ಕೊಳಕ್ಕೆ ಹೊತ್ತು ಕೊಡ್ಬೇಕು. ಸಿಟ್ಟಿನ ಕಡೆ ಒಂದೇ ಏಟಿಗೆ. ಮತ್ತೆ ಕಿವಿ ಯಾವಾಗ್ಲೂ ವೇದಿಕೆ ಮ್ಯಾಲೆ. ಮುಂದಿರೋನು ಮರೆತ್ರೆ ಎತ್ಕೊಡೋಳು ನೀನೇ.”

ಅಕ್ಷತಾ ಎಳೆದಳು. ಬಳೆಗಳು ಸಿಕ್ಕಿಕೊಂಡವು. ಮತ್ತೆ ಎಳೆದಳು. ನಾಲ್ಕನೆಯ ಸಲ ಹೊದಿಕೆ ಸರಾಗವಾಗಿ ಸರಿಯಿತು.

“ಹನ್ನೊಂದು ವರ್ಷ ಯಾಕೆ ಹೋದೆ ತಾತ? ಅಷ್ಟು ಅವಮಾನ ಆದ್ಮೇಲೂ?”

ಓಬಳಪ್ಪ ಹಗ್ಗದ ಗಂಟು ಬಿಗಿ ಮಾಡಿದ. “ಅಷ್ಟು ಹತ್ರದಿಂದ ಮಾತು ಕೇಳಕ್ಕೆ ಬ್ಯಾರೆ ಜಾಗ ಇರ್ಲಿಲ್ಲ ಕಣವ್ವ.”

ಅವಳು ಹೊದಿಕೆಯನ್ನು ಮತ್ತೆ ಎಳೆದು ಮುಚ್ಚಿದಳು. “ಹೋಗು, ಹಿಂದ್ಗಡೆ ನಿಂತ್ಕೋ. ನಾನು ಪರದೆ ತೆಗೀತೀನಿ.”

“ಥೂ, ವಯಸ್ಸಾದೋನಿಗೆ ಏನಿದು ಹುಡುಗಾಟ.”

“ನಿಂತ್ಕೋ ತಾತ.”

ಓಬಳಪ್ಪ ಹೊದಿಕೆಯ ಹಿಂದೆ ಹೋಗಿ ನಿಂತ. ಟವೆಲ್ಲನ್ನು ಸೊಂಟಕ್ಕೆ ಬಿಗಿದುಕೊಂಡ. ಪರದೆ ಸರಿಯಿತು. ಮೆಟ್ಟಿಲ ಮೇಲೆ ಈಶ್ವರಮ್ಮ, ಚಟ್ನಿಪುಡಿಯ ಕೈಯಲ್ಲೇ ಹೇಮಶ್ರೀ. ಗೇಟಿನ ಹತ್ತಿರ ಬೈಕು ಒರೆಸುತ್ತ ಬೆನ್ನು ಹಾಕಿದ್ದ ಚಂದ್ರಕುಮಾರ್ ಬಳೆಗಳ ಸದ್ದಿಗೆ ಇತ್ತ ತಿರುಗಿದ. ಮೂರು ಜನ ನೋಡುವವರು. ಓಬಳಪ್ಪ ಕೈಯೆತ್ತಿದ. ಈ ಮನೆಯಲ್ಲಿ ಸಾವಿರ ಸಲ ಹೇಳಿದ್ದ ಮಾತು. ನಾಲಿಗೆ ಹೊರಳಲಿಲ್ಲ. ಎತ್ತಿದ ಕೈ ಕೆಳಗಿಳಿಸಿಬಿಡೋಣ, ನಕ್ಕುಬಿಡೋಣ ಅನ್ನುವಷ್ಟರಲ್ಲಿ ಹೊದಿಕೆಯ ಮಗ್ಗುಲಿನಿಂದ ಮೆಲ್ಲಗೆ ಧ್ವನಿ ಬಂತು. ಅವನಿಗಷ್ಟೇ ಕೇಳುವಷ್ಟು.

“ಎಲವೋ ಪಾಳೇಗಾರ...”

“ಎಲವೋ ಪಾಳೇಗಾರ!” ಅಂದ ಓಬಳಪ್ಪ. ಪಕ್ಕದ ಮನೆಯ ನಾಯಿ ಎದ್ದು ನಿಂತಿತು. “ನಿನ್ನ ಕೋಟೆಗೆ ಬೀಗ ಹಾಕಿದವನು ನೀನೇ, ಬೀಗದ ಕೈ ಮಾತ್ರ ನನ್ನ ಸೊಂಟದಲ್ಲಿದೆ!” ಮುಂದಿನ ಮಾತು ತಾನಾಗಿ ಬಂತು, ಅದರ ಮುಂದಿನದೂ ಬಂತು. ಒಡೆದ ಉಗುರಿನ ಕಾಲನ್ನು ಎತ್ತಿ ಅಂಗಳದ ನೆಲದ ಮೇಲೆ ಅಪ್ಪಳಿಸಿ ಇಟ್ಟ.

ಹೇಮಶ್ರೀ ಮೊಬೈಲು ನೋಡಿದಳು. “ರೀ, ಒಂಬತ್ತೂಕಾಲಾಯ್ತು, ಬಸ್ಸು.”

ಚಂದ್ರಕುಮಾರ್ ಒರೆಸುವ ಬಟ್ಟೆಯನ್ನು ಬೈಕಿನ ಮೇಲೆ ಹಾಕಿ, ಬಂದು ತಾಯಿಯ ಪಕ್ಕ ಮೆಟ್ಟಿಲ ಮೇಲೆ ಕೂತ.

“ಹೋಗ್ಲಿ ಬಿಡು. ಮುಂದಿನ ಬಸ್ಸಿಗೆ ನಾನೇ ಲಕ್ಕವಳ್ಳಿವರ್ಗೂ ಬಿಟ್ಬತ್ತೀನಿ,” ಅಂದ. “ನೀನು ಪೂರ್ತಿ ಮಾಡಪ್ಪ.”

ಅಕ್ಷತಾ ಹಗ್ಗವನ್ನು ಕೈಗೆ ಒಂದು ಸುತ್ತು ಸುತ್ತಿಕೊಂಡು, ಕಿವಿ ತಾತನ ಮಾತಿನ ಮೇಲಿಟ್ಟು ಕಾಯುತ್ತ ನಿಂತಳು.